ಹಲವು ಹಾರ್ಮೋನ್ ಗ್ರಂಥಿಗಳಲ್ಲಿ ಗಡ್ಡೆ ಬರುವ ವಂಶದ ಕಾಯಿಲೆ ಎಂಇಎನ್. ಅದರ 1, 2ಎ, 2ಬಿ ವಿಧಗಳು ಪ್ರತಿ ಸಲ ಕಲಸಿಹೋಗುತ್ತವೆ. ಹೇಗೆ ನೆನಪಿಟ್ಟುಕೊಳ್ಳಲಿ?

ಗಡ್ಡೆಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ ಎಣಿಸಿ, 1ಕ್ಕೆ, 2ಎಗೆ, 2ಬಿಗೆ ಕ್ರಮವಾಗಿ 'ಮೂರು ಪಿ, ಎರಡು ಪಿ, ಒಂದು ಪಿ' ಅಂತ ಉರು ಹೊಡೆದಿದ್ದೀರಿ, ಅಲ್ವಾ? ಬೆಳಗಾವಿಯ ಹಾಸ್ಟೆಲ್‌ನಲ್ಲಿ ನಾನೂ ಅದನ್ನೇ ಮಾಡಿದ್ದೆ. ವೈವಾದಲ್ಲಿ 2ಎ, 2ಬಿ ಅದಲುಬದಲು ಹೇಳಿ ಬೈಸಿಕೊಂಡೆ. ಆಮೇಲೆ ಜೀನ್‌ನಿಂದ ಶುರು ಮಾಡಿದೆ.

ಎಂಇಎನ್ 1 ಎರಡು ಬೀಗದ ಬಾಗಿಲು. 11ನೇ ಕ್ರೋಮೋಸೋಮ್‌ನಲ್ಲಿರುವ ಇದರ ಜೀನ್ ಗಡ್ಡೆ ಬೆಳೆಯದಂತೆ ತಡೆಯುತ್ತದೆ. ಒಂದು ಬೀಗ, ಅಂದರೆ ಆ ಜೀನಿನ ಒಂದು ಪ್ರತಿ, ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಮುಂದೆ ಯಾವುದೋ ಕೋಶದಲ್ಲಿ ಎರಡನೆಯದೂ ಕೆಟ್ಟರೆ ಗಡ್ಡೆ ಶುರು: ಪ್ಯಾರಾಥೈರಾಯ್ಡ್ (ಕ್ಯಾಲ್ಸಿಯಂ ನೋಡಿಕೊಳ್ಳುವ ಕತ್ತಿನ ಗ್ರಂಥಿಗಳು), ಪ್ಯಾಂಕ್ರಿಯಾಸ್, ಪಿಟ್ಯುಟರಿ (ಮೆದುಳಿನ ಬುಡದ ಗ್ರಂಥಿ).

ಎಂಇಎನ್ 2 ಹಾಗಲ್ಲ. 10ನೇ ಕ್ರೋಮೋಸೋಮ್‌ನ ರೆಟ್ ಜೀನ್, ಸ್ಟಾರ್ಟರ್ ಅಂಟಿಕೊಂಡ ಬೋರ್‌ವೆಲ್ ಮೋಟರಿನಂತೆ ಓಡುತ್ತಲೇ ಇರುತ್ತದೆ. ಒಂದು ಪ್ರತಿ ಕೆಟ್ಟರೂ ಸಾಕು. ಥೈರಾಯ್ಡ್‌ನ ಮೆಡುಲರಿ ಕ್ಯಾನ್ಸರ್, ಫಿಯೋಕ್ರೋಮೋಸೈಟೋಮಾ (ಫಿಯೋ: ಬಿಪಿ ಏರಿಸುವ ಅಡ್ರಿನಲ್ ಗ್ರಂಥಿಯ ಗಡ್ಡೆ) 2ಎ, 2ಬಿ ಎರಡಕ್ಕೂ ಸಾಮಾನ್ಯ. 2ಎಗೆ ಪ್ಯಾರಾಥೈರಾಯ್ಡ್ ಸೇರಿಸಿ. 2ಬಿಯಲ್ಲಿ ಅದರ ಬದಲು ತುಟಿ, ನಾಲಿಗೆ ನೋಡಿ, ಸಣ್ಣ ಸಣ್ಣ ಗಂಟುಗಳಿರುತ್ತವೆ. ಕೈಕಾಲು ಉದ್ದ, ಮೈ ತೆಳು.

ಎಂಇಎನ್ 2ರಲ್ಲಿ ರೆಟ್ ಜೀನಿನ ಯಾವ ಕೋಡಾನ್ (ಜೀನಿನ ಸಂಖ್ಯೆ ಹಾಕಿದ ಒಂದು ಜಾಗ) ಕೆಟ್ಟಿದೆ ಎಂಬುದರ ಮೇಲೆ ಆಪರೇಷನ್ನಿನ ವಯಸ್ಸು ನಿಂತಿದೆ. 918 ಆದರೆ ಹುಟ್ಟಿದ ಮೊದಲ ವರ್ಷದಲ್ಲೇ ಥೈರಾಯ್ಡ್ ತೆಗೆಯಬೇಕು. 634 ಆದರೆ 5 ವರ್ಷದೊಳಗೆ. ಆದರೆ ಕತ್ತಿಗೆ ಕೈ ಹಾಕುವ ಮುಂಚೆ ಫಿಯೋ ಇದೆಯಾ ಅಂತ ನೋಡಲೇಬೇಕು. ಇದ್ದರೆ ಮೊದಲು ಅದರ ಚಿಕಿತ್ಸೆ. ಬಿಪಿ ಔಷಧಿಗಳಲ್ಲಿ ಆಲ್ಫಾ ಬ್ಲಾಕರ್ ಮೊದಲು, ಬೀಟಾ ಬ್ಲಾಕರ್ ಆಮೇಲೆ. ಇದು ಉಲ್ಟಾ ಆದರೆ ಬಿಪಿ ಒಮ್ಮೆಲೇ ಏರಿ ಜೀವಕ್ಕೇ ಕುತ್ತು.

ವಂಶದ ಕಾಯಿಲೆ ಅಂದಕೂಡಲೇ 'ಸಂಬಂಧದಾಗ ಮದುವಿ ಆಗೀರೇನು?' ಅಂತ ಕೇಳುವ ಚಟ ನಮ್ಮ ಕಡೆ ಇದೆ. ಇಲ್ಲಿ ಆ ಪ್ರಶ್ನೆ ಸುಮ್ನೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು. ಪ್ರತಿ ಮಗುವಿಗೂ ಶೇಕಡಾ 50 ಸಾಧ್ಯತೆ.

ಕೇಳಬೇಕಾದದ್ದು ಬೇರೆ. ಎಂಇಎನ್ 1ರಲ್ಲಿ ಸಾಮಾನ್ಯವಾಗಿ ಮೊದಲು ಕೈಕೊಡುವುದು ಪ್ಯಾರಾಥೈರಾಯ್ಡ್. ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಕಿಡ್ನಿಯಲ್ಲಿ ಕಲ್ಲು ಆಗಬಹುದು. ವಿಜಯಪುರ, ಬಾಗಲಕೋಟೆ ಕಡೆಯವರನ್ನು ಕೇಳಿ ನೋಡಿ: 'ನಮ್ಮೂರ ನೀರs ಸವಳ ಅದ ರೀ, ಎಲ್ಲಾರಿಗೂ ಹರಳ ಆಗ್ತಾವ.' ಅಪ್ಪನಿಗೂ ಕಲ್ಲು, ಸೋದರತ್ತೆಗೂ ಕಲ್ಲು, ಮಗನಿಗೆ 25ಕ್ಕೇ ಎರಡನೇ ಸಲ. ಎಲ್ಲ ತಪ್ಪೂ ನೀರಿನ ಮೇಲೆ. ಬಹಳ ಸಲ ನೀರೇ, ಬಿಸಿಲೇ ಕಾರಣ ಇರಬಹುದು. ಆದರೂ ಇಂಥ ಮನೆಯವರು ಸಿಕ್ಕರೆ ಕಾಗದದ ಮೇಲೆ ಮೂರು ತಲೆಮಾರು ಬರೆಯಿರಿ, ಒಂದು ಕ್ಯಾಲ್ಸಿಯಂ ರಕ್ತಪರೀಕ್ಷೆ ಕಳಿಸಿ. ಜಾಸ್ತಿ ಬಂದರೆ ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ಕೂಡ.