ಕೇಳಿ, ಹೇಳುತ್ತೇವೆ: ತುಕ್ಕು, ಮಣ್ಣು, ಚೊಗರು

ಬಟ್ಟೆಯನ್ನೇ ಮಾಧ್ಯಮ ಮಾಡಿಕೊಂಡು ಕಲಾಕೃತಿ ರಚಿಸುವವರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡು ವಿಷಯಗಳಿಗೆ ಸೇರಿದವು. ಬಟ್ಟೆಯನ್ನು ತುಕ್ಕು, ಮಣ್ಣು, ಮಳೆ, ಬಿಸಿಲಿಗೆ ಒಡ್ಡಿ ಹಳತಾಗಿಸುವುದು ಒಂದು, ಗಿಡಮರಗಳ ಬಣ್ಣ ಹಾಕುವುದು ಇನ್ನೊಂದು. ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಗ್ರಾಂ ಲೆಕ್ಕದಲ್ಲಿ ಕೊಟ್ಟಿರುವ ಅಳತೆ, ಬೇರೆ ಹೇಳದಿದ್ದರೆ, 100 ಗ್ರಾಂ ಒಣ ಬಟ್ಟೆಗೆ.

ಪ್ರ: ಹಳೆಯ ಹತ್ತಿ ಪಂಚೆಗೆ ತುಕ್ಕು ಹಿಡಿದ ಸರಪಳಿ, ಬೋಲ್ಟುಗಳನ್ನು ಸುತ್ತಿ, ವಿನೆಗರ್ ಸುರಿದು ನಾಲ್ಕು ದಿನ ಇಟ್ಟೆ. ಗುರುತು ಬಲು ಚೆನ್ನಾಗಿ ಮೂಡಿತು. ಉಪ್ಪುನೀರಿನಲ್ಲಿ ತೊಳೆದು ಎತ್ತಿಟ್ಟಿದ್ದೆ. ಆರು ತಿಂಗಳಾದ ಮೇಲೆ ಕಸೂತಿ ಹಾಕಲು ಹೋದರೆ ಕಲೆ ಇರುವಲ್ಲೆಲ್ಲ ಬಟ್ಟೆ ಪಿಸಿಯುತ್ತಿದೆ. ಎಲ್ಲಿ ತಪ್ಪಿತು? (ಧಾರವಾಡ)

ಉ: ತಪ್ಪಿದ್ದು ಮೂರು ಕಡೆ: ವಿನೆಗರ್ ಗಟ್ಟಿಯಾಯಿತು, ಇಟ್ಟ ಅವಧಿ ಹೆಚ್ಚಾಯಿತು, ಕೊನೆಯ ತೊಳೆತ ಸರಿಯಾಗಲಿಲ್ಲ. ಹತ್ತಿಯ ಎಳೆ ಎಂದರೆ ಸೆಲ್ಯುಲೋಸಿನ ಉದ್ದುದ್ದ ಸರಣಿ. ಆಮ್ಲ ಅದನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಜೊತೆಗೆ ಕಬ್ಬಿಣದ ಅಂಶ ಗಾಳಿಯ ಆಮ್ಲಜನಕವನ್ನು ಎಳೆಯ ಮೇಲೆ ಕೆಲಸಕ್ಕೆ ಹಚ್ಚುತ್ತದೆ. ಬಟ್ಟೆ ಒಣಗಿ ಪೆಟ್ಟಿಗೆ ಸೇರಿದ ಮೇಲೂ ಇದು ನಿಲ್ಲುವುದಿಲ್ಲ. ಹಳೆಯ ಕಡತಗಳಲ್ಲಿ ಕಬ್ಬಿಣದ ಶಾಯಿ ಕಾಗದವನ್ನು ಅಕ್ಷರದ ಆಕಾರದಲ್ಲೇ ತಿಂದು ತೂತು ಮಾಡಿರುವುದನ್ನು ನೋಡಿರಬಹುದು. ಅಲ್ಲಿ ನಡೆದದ್ದೂ ಇದೇ ಕ್ರಿಯೆ.

ಉಪ್ಪುನೀರಿನ ಸಲಹೆ ಬಹಳ ಕಡೆ ಕೇಳಿಬರುತ್ತದೆ. ಅದನ್ನು ದಯವಿಟ್ಟು ಕೈಬಿಡಿ. ಉಪ್ಪು ಆಮ್ಲವನ್ನು ತಣಿಸುವುದಿಲ್ಲ. ಎಳೆಯಲ್ಲಿ ಉಳಿದ ಉಪ್ಪು ಗಾಳಿಯ ತೇವ ಎಳೆದುಕೊಂಡು ತುಕ್ಕನ್ನು ಇನ್ನಷ್ಟು ಬೆಳೆಸುತ್ತದೆ. ಆಮ್ಲ ತಣಿಯಬೇಕಾದರೆ ಕ್ಷಾರವೇ ಬೇಕು.

ಮುಂದಿನ ಬಾರಿ ಹೀಗೆ ಮಾಡಿ. ಅಂಗಡಿಯ ಬಿಳಿ ವಿನೆಗರ್‌ನಲ್ಲಿ ಸುಮಾರು ಶೇ 4ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. ಒಂದು ಪಾಲು ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿ. ಗಂಜಿ ಪೂರ್ತಿ ಹೋಗುವಂತೆ ಒಗೆದ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಕಬ್ಬಿಣದ ಮೇಲೆ ಹಾಸಿ ಅಥವಾ ಬಿಗಿಯಾಗಿ ಸುತ್ತಿ. ಲೋಹ ತಾಗಿದಲ್ಲಿ ಮಾತ್ರ ಗುರುತು ಬೀಳುತ್ತದೆ. ಹಾಗಾಗಿ ಮೇಲೊಂದು ಇಟ್ಟಿಗೆ ಹೇರಿದರೆ ಅಂಚು ಸ್ಪಷ್ಟವಾಗುತ್ತದೆ. ವಿನೆಗರ್ ನೀರನ್ನು ತೇವವಾಗುವಷ್ಟು ಸಿಂಪಡಿಸಿ, ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಮುಚ್ಚಿ. ತುಕ್ಕಿಗೆ ಗಾಳಿ ಬೇಕೇ ಬೇಕು. ಬಟ್ಟೆ ಪೂರ್ತಿ ಮುಳುಗಿದರೆ ಕಬ್ಬಿಣ ಕರಗಿ ಮಂಕಾದ ಬೂದು ಬಣ್ಣ ಬರುತ್ತದೆ, ಕಿತ್ತಳೆ ಬರುವುದಿಲ್ಲ. ಅಂಚು ಒಣಗಿ ಮತ್ತೆ ನೆನೆದರೆ ಅಲ್ಲಿ ಕಪ್ಪು ಗೆರೆ ಕೂರುತ್ತದೆ. ಅದು ಬೇಡವಾದರೆ ಆರು ಗಂಟೆಗೊಮ್ಮೆ ಸಿಂಪಡಿಸುತ್ತಿರಿ. 12 ಗಂಟೆಗೆ ತೆರೆದು ನೋಡಿ. 24 ಗಂಟೆಯ ನಂತರ ಬಣ್ಣ ಹೆಚ್ಚುವುದು ಸ್ವಲ್ಪ, ಬಟ್ಟೆ ಸಾಯುವುದು ಜಾಸ್ತಿ.

ತೆಗೆದ ಕೂಡಲೇ ಮೂರು ನೀರಿನಲ್ಲಿ ಜಾಲಿಸಿ. ನಂತರ ಲೀಟರ್ ನೀರಿಗೆ ಎರಡು ಟೀ ಚಮಚ ಅಡುಗೆ ಸೋಡಾ ಕರಗಿಸಿ ಅರ್ಧ ಗಂಟೆ ನೆನೆಸಿ, ಸೌಮ್ಯವಾದ ಸೋಪಿನಲ್ಲಿ ಒಗೆದು, ಮೇಲೆ ಕೂತಿರುವ ತುಕ್ಕಿನ ಪುಡಿಯೆಲ್ಲ ಬಿಡುವಂತೆ ಉಜ್ಜಿ, ನೆರಳಿನಲ್ಲಿ ಒಣಗಿಸಿ. ರೇಷ್ಮೆ, ಉಣ್ಣೆಗೆ ಹೆಚ್ಚು ಕ್ಷಾರ ಆಗದು. ಅವಕ್ಕೆ ಸೋಡಾ ಅರ್ಧದಷ್ಟು, ಸಮಯ ಹತ್ತು ನಿಮಿಷ ಸಾಕು. ಇಷ್ಟೆಲ್ಲ ಮಾಡಿದರೂ ತುಕ್ಕಿನ ಬಟ್ಟೆ ಶಾಶ್ವತವಲ್ಲ, ಅದರ ಆಯುಷ್ಯ ಹೆಚ್ಚುತ್ತದೆ ಅಷ್ಟೆ. ಆದ್ದರಿಂದ ಸವೆದ ಪಂಚೆಗಿಂತ ದಪ್ಪ ಖಾದಿ ಅಥವಾ ಕ್ಯಾನ್ವಾಸಿನಲ್ಲಿ ಈ ಪ್ರಯೋಗ ಮಾಡುವುದು ಲೇಸು.

ಈಗಿರುವ ಪಂಚೆಯನ್ನು ಉಳಿಸಿಕೊಳ್ಳಬಹುದು. ಮೊದಲು ಸೋಡಾ ನೀರಿನಲ್ಲಿ ನೆನೆಸಿ. ಕೈಯಲ್ಲಿ ಎತ್ತದೆ ಕಿಟಕಿಗೆ ಹಾಕುವ ಪ್ಲಾಸ್ಟಿಕ್ ಜಾಲರಿಯ ಮೇಲೆ ಹಾಸಿ ಇಳಿಸಿ, ಎತ್ತಿ. ಒಣಗಿದ ಮೇಲೆ ಹಿಂದೆ ತೆಳುವಾದ ಮಲ್ಲು ಬಟ್ಟೆ ಇಟ್ಟು, ಸಣ್ಣ ಸೂಜಿಯಿಂದ ಗಟ್ಟಿ ಇರುವ ಭಾಗಗಳಲ್ಲಿ ಮಾತ್ರ ಟಾಕು ಹಾಕಿ. ಪಿಸಿದ ಜಾಗದ ಮೇಲೆ ದಾರವನ್ನು ಅಡ್ಡ ಹಾಯಿಸಿ ಎರಡೂ ಬದಿ ಗಟ್ಟಿ ಬಟ್ಟೆಗೆ ಕಟ್ಟಿ. ಕಸೂತಿಯನ್ನು ಅದರ ಮೇಲೆ ನೇರವಾಗಿ ಹಾಕಬೇಡಿ. ಎಳೆ ಎಣಿಸಿ ಬಿಗಿ ಎಳೆಯುವ ಆ ಹೊಲಿಗೆಯನ್ನು ಈ ಬಟ್ಟೆ ತಾಳದು. ಬೇರೆ ಬಟ್ಟೆಯಲ್ಲಿ ಹಾಕಿ ತಂದು ಜೋಡಿಸಿ.

ಪ್ರ: ಮಳೆಗಾಲದಲ್ಲಿ ಬಟ್ಟೆಯನ್ನು ಮಣ್ಣಿನಲ್ಲಿ ಹೂತಿಟ್ಟು ಅರೆಬರೆ ಕೊಳೆಸಿ ಬಳಸಬೇಕೆಂದಿದ್ದೇನೆ. ಎಷ್ಟು ಆಳ, ಎಷ್ಟು ದಿನ? ಕೆಲವು ಭಾಗ ಮಾತ್ರ ಉಳಿಯುವಂತೆ ಮಾಡಲು ಸಾಧ್ಯವೇ? (ಪುತ್ತೂರು)

ಉ: ಹತ್ತಿಯನ್ನು ತಿನ್ನುವುದು ಮಣ್ಣಿನ ಶಿಲೀಂಧ್ರ, ಬ್ಯಾಕ್ಟೀರಿಯಾಗಳು. ಅವುಗಳಿಗೆ ತೇವ, ಬೆಚ್ಚನೆಯ ವಾತಾವರಣ, ಗಾಳಿ ಮೂರೂ ಬೇಕು. ಹಾಗಾಗಿ 10ರಿಂದ 15 ಸೆಂಟಿಮೀಟರ್ ಆಳ ಸಾಕು. ಮೇಲ್ಮಣ್ಣಿಗೆ ಒಂದಿಷ್ಟು ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ. ನಿಮ್ಮ ಕಡೆಯ ಮಳೆಗೆ ನೀರು ನಿಲ್ಲದ ಇಳಿಜಾರು ಮುಖ್ಯ. ನೀರು ನಿಂತಲ್ಲಿ ಗಾಳಿಯಾಡದೆ ಕೊಳೆಯುವಿಕೆ ನಿಧಾನವಾಗುತ್ತದೆ, ಬಟ್ಟೆಗೆ ಕೆಟ್ಟ ವಾಸನೆಯ ಕಪ್ಪು ಕಲೆ ಹತ್ತುತ್ತದೆ. ಗದ್ದೆಯ ಕೆಸರಿನ ಕಪ್ಪು ಅದೇ, ಕಬ್ಬಿಣ ಮತ್ತು ಗಂಧಕ ಸೇರಿ ಆದದ್ದು. ಗಾಳಿಗೆ ಬಂದ ಮೇಲೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ.

ದಿನದ ಲೆಕ್ಕವನ್ನು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ. ತೋಟದಿಂದ ತೋಟಕ್ಕೆ ಅದು ಬೇರೆ. ಜೀವಂತ ಮಣ್ಣಿನಲ್ಲಿ ತೆಳು ಹತ್ತಿ ಎರಡು ತಿಂಗಳಲ್ಲಿ ಚಿಂದಿಯಾಗಬಲ್ಲದು. ನಿಮ್ಮ ಮಣ್ಣನ್ನು ನೀವೇ ಅಳೆಯಿರಿ. ಅದೇ ಬಟ್ಟೆಯ ಎಂಟು ಪಟ್ಟಿಗಳನ್ನು ಕತ್ತರಿಸಿ, ಪ್ರತಿಯೊಂದಕ್ಕೂ ನೈಲಾನ್ ದಾರ ಕಟ್ಟಿ, ದಾರದ ತುದಿ ಮಣ್ಣಿನಿಂದ ಹೊರಗೆ ಬರುವಂತೆ ಮುಖ್ಯ ಬಟ್ಟೆಯ ಪಕ್ಕದಲ್ಲೇ ಹೂಳಿ. ವಾರಕ್ಕೊಂದು ಪಟ್ಟಿ ತೆಗೆದು ತೊಳೆದು ಎರಡೂ ತುದಿ ಹಿಡಿದು ಎಳೆದು ನೋಡಿ. ಸುಲಭವಾಗಿ ಹರಿಯತೊಡಗಿದ ವಾರವೇ ದೊಡ್ಡ ಬಟ್ಟೆಯನ್ನೂ ತೆಗೆಯಿರಿ. ಕಣ್ಣಿಗೆ ತೂತು ಕಾಣುವವರೆಗೆ ಕಾದರೆ ತೊಳೆಯುವಾಗ ಕೈಗೆ ಬರುವುದು ಅರ್ಧವೇ.

ಕೆಲವು ಭಾಗ ಉಳಿಸಿಕೊಳ್ಳುವುದು ಖಂಡಿತ ಸಾಧ್ಯ, ಈ ಕಲೆಯ ಸೊಗಸಿರುವುದೇ ಅಲ್ಲಿ. ಟ್ಯಾನಿನ್, ಅಂದರೆ ಒಗರು ಅಂಶ, ಕೊಳೆಯುವುದನ್ನು ತಡೆಯುತ್ತದೆ. ನೈಲಾನ್ ಬರುವ ಮುಂಚೆ ಹತ್ತಿಯ ಮೀನುಬಲೆಗಳನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದುದು ಇದಕ್ಕಾಗಿಯೇ. ಟ್ಯಾನಿನ್ ತುಂಬಿರುವ ಅಳಲೆಕಾಯಿ ಪುಡಿಯನ್ನು ಬಿಸಿನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಉಳಿಯಬೇಕಾದ ಆಕಾರವನ್ನು ಎರಡೂ ಬದಿ ಬಳಿದು, ಪೂರ್ತಿ ಒಣಗಿಸಿ, ಇನ್ನೊಮ್ಮೆ ಬಳಿಯಿರಿ. ಸುತ್ತಲಿನ ಬಟ್ಟೆ ಮೊದಲು ಸವೆಯುತ್ತದೆ, ಬಳಿದ ಆಕಾರ ಹಿಂದುಳಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೆ ಅದು ಬೂದು–ಕಪ್ಪಿಗೂ ತಿರುಗುತ್ತದೆ. ಮಾಲಿ ದೇಶದ ಬೊಗೊಲಾನ್‌ಫಿನಿ ಬಟ್ಟೆಯಲ್ಲಿ ಎಲೆಗಳ ಟ್ಯಾನಿನ್ ಮೇಲೆ ಕಬ್ಬಿಣದ ಕೆಸರು ಬಳಿದು ಕಪ್ಪು ಪಡೆಯುವುದು ಇದೇ ತತ್ವದಿಂದ. ಇನ್ನೊಂದು ದಾರಿ: ಹೂಳುವ ಮೊದಲೇ ಪಾಲಿಯೆಸ್ಟರ್ ದಾರದಲ್ಲಿ ಒತ್ತೊತ್ತಾಗಿ ಹೊಲಿಗೆ ಹಾಕಿಬಿಡಿ. ಹತ್ತಿ ಹೋದಲ್ಲಿ ದಾರದ ಜಾಲ ಮಾತ್ರ ಉಳಿಯುತ್ತದೆ.

ತೋಟಕ್ಕೆ ಸಿಂಪಡಿಸುವ ಶಿಲೀಂಧ್ರನಾಶಕ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತವೂ (ತಾಮ್ರದ ಸಲ್ಫೇಟ್) ಕೊಳೆಯುವುದನ್ನು ತಡೆಯುತ್ತದೆ. ಆದರೆ ಅದು ಮಣ್ಣಿನ ಜೀವಿಗಳನ್ನು ಕೊಲ್ಲುವ ವಿಷ. ಈ ಕೆಲಸಕ್ಕೆ ಮುಟ್ಟಬೇಡಿ.

ತೆಗೆಯುವಾಗ ಕೈಗವಸು, ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ಬೂಷ್ಟಿನ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಜಾಲರಿಯ ಮೇಲಿಟ್ಟು ಸಣ್ಣಗೆ ನೀರು ಬಿಟ್ಟು ತೊಳೆದು, ಎರಡು ಮೂರು ದಿನ ಬಿಸಿಲಿಗೆ ಹಾಕಿ. ಒಳಗೆ ತೇವ ಉಳಿದರೆ ಕಪಾಟಿನಲ್ಲಿಯೂ ಕೊಳೆಯುತ್ತಲೇ ಇರುತ್ತದೆ.

ಪ್ರ: ದೀಪಾವಳಿಯ ಚೆಂಡುಹೂವಿನಿಂದ ಹತ್ತಿ ಬಟ್ಟೆಗೆ ಹಳದಿ ಹಾಕಿದೆ. ಬಣ್ಣ ಹಿಡಿಸಲು ಪಟಿಕವನ್ನೂ (ಆಲಮ್) ಹಾಕಿದ್ದೆ. ಆದರೂ ಬಣ್ಣ ತೇಪೆತೇಪೆಯಾಗಿ ಬಂದು, ಎರಡು ಒಗೆತಕ್ಕೆ ಹೋಯಿತು. (ಬೆಂಗಳೂರು)

ಉ: ಹತ್ತಿ ಪಟಿಕವನ್ನು ತಾನಾಗಿ ಹಿಡಿಯುವುದಿಲ್ಲ. ಉಣ್ಣೆ, ರೇಷ್ಮೆ ಹಿಡಿಯುತ್ತವೆ. ಹತ್ತಿಗೆ ಮೊದಲು ಟ್ಯಾನಿನ್ ಕೊಟ್ಟು ಆಮೇಲೆ ಪಟಿಕ ಕೊಡಬೇಕು. ಅದಕ್ಕೂ ಮೊದಲು ಎಳೆಯ ಮೇಣ ಹೋಗಬೇಕು, ತೇಪೆ ಬೀಳುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಅದೇ.

4 ಗ್ರಾಂ ವಾಷಿಂಗ್ ಸೋಡಾ, ಸ್ವಲ್ಪ ಅಂಟುವಾಳದ ನೀರು ಹಾಕಿ ಬಟ್ಟೆಯನ್ನು ಒಂದು ಗಂಟೆ ಕುದಿಸಿ. ಬಿಳಿ ಎಂದು ಕಂಡ ಬಟ್ಟೆಯಿಂದಲೂ ಚಹದಂಥ ಕಂದು ನೀರು ಇಳಿಯುತ್ತದೆ. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ: ತಕ್ಷಣ ಇಂಗಿದರೆ ಸರಿ, ಮುತ್ತಿನಂತೆ ನಿಂತರೆ ಮತ್ತೆ ಕುದಿಸಿ. ನಂತರ 20 ಗ್ರಾಂ ಅಳಲೆಕಾಯಿ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಸೋಸಿ, ರಾತ್ರಿಯಿಡೀ ನೆನೆಸಿ. ಹಿಂಡಿ, ಜಾಲಿಸದೆ, 15 ಗ್ರಾಂ ಪಟಿಕದ ನೀರಿಗೆ ಹಾಕಿ. ಪಟಿಕ ಪೂರ್ತಿ ಕರಗಿದ ಮೇಲೆ ಅದಕ್ಕೆ 2 ಗ್ರಾಂ ವಾಷಿಂಗ್ ಸೋಡಾ ಚೂರುಚೂರೇ ಸೇರಿಸಿರಬೇಕು, ನೊರೆ ಉಕ್ಕುತ್ತದೆ, ದೊಡ್ಡ ಪಾತ್ರೆ ಇರಲಿ. ಇದರಲ್ಲಿಯೂ ಒಂದು ರಾತ್ರಿ. ಬೆಳಿಗ್ಗೆ ಲಘುವಾಗಿ ಜಾಲಿಸಿ ಒದ್ದೆ ಇರುವಾಗಲೇ ಬಣ್ಣಕ್ಕೆ ಇಳಿಸಿ.

ಹೂವು ತಾಜಾ ಆದರೆ 200 ಗ್ರಾಂ, ಒಣಗಿದ್ದಾದರೆ 50 ಗ್ರಾಂ. ತೊಟ್ಟು, ದಾರ ತೆಗೆದು 45 ನಿಮಿಷ ಕುದಿಸಿ ಸೋಸಿ. ಬಟ್ಟೆ ಸಲೀಸಾಗಿ ಹೊರಳುವಷ್ಟು ನೀರಿರಲಿ. ಕುದಿ ಬರದಂತೆ ಒಂದು ಗಂಟೆ ಬಿಸಿಮಾಡಿ, ಮೊದಲ ಕಾಲು ಗಂಟೆ ಕೈಬಿಡದೆ ತಿರುವುತ್ತಿರಿ. ಸ್ಟೀಲ್ ಪಾತ್ರೆಯನ್ನೇ ಬಳಸಿ, ಕಬ್ಬಿಣದ ಬಾಣಲೆಯಲ್ಲಿ ಹಳದಿ ಕೊಳಕು ಪಾಚಿ ಬಣ್ಣವಾಗುತ್ತದೆ. ಒಮ್ಮೆ ಬಳಸಿದ ಪಾತ್ರೆ ಮತ್ತೆ ಅಡುಗೆಗೆ ಬೇಡ.

ಒಂದು ಮಾತು ತಿಳಿದಿರಲಿ: ಚೆಂಡುಹೂವು ಒಗೆತ ತಾಳಿದರೂ ಬಿಸಿಲು ತಾಳುವುದು ಕಡಿಮೆ. ವರ್ಷಗಟ್ಟಲೆ ಗೋಡೆಯ ಮೇಲೆ ತೂಗುವ ಕೃತಿಗೆ ದಾಳಿಂಬೆ ಸಿಪ್ಪೆ ಅಥವಾ ಕಾಚು ಒಳ್ಳೆಯ ಆಯ್ಕೆ. ಯಾವ ಬಣ್ಣವೇ ಆಗಲಿ, ಒಂದು ಪಟ್ಟಿಯ ಅರ್ಧಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಬಿಸಿಲು ಬೀಳುವ ಕಿಟಕಿಗೆ ಒಂದು ತಿಂಗಳು ಅಂಟಿಸಿ ನೋಡಿದ ಮೇಲೆಯೇ ದೊಡ್ಡ ಕೆಲಸಕ್ಕೆ ಕೈ ಹಾಕಿ.

ಪ್ರ: ಅರಿಶಿನ, ಬೀಟ್‌ರೂಟ್ ಬಣ್ಣ ನಿಲ್ಲುವಂತೆ ಮಾಡಲು ಏನು ಹಾಕಬೇಕು? (ಹಾಸನ)

ಉ: ಏನು ಹಾಕಿದರೂ ನಿಲ್ಲುವುದಿಲ್ಲ. ಬೀಟ್‌ರೂಟ್ ನೀರಿಗೇ ಹೋಗುತ್ತದೆ. ಅರಿಶಿನ ಎಳೆಗೆ ಚೆನ್ನಾಗಿ ಹತ್ತುತ್ತದೆ, ಬಿಸಿಲು ಅದನ್ನು ಕೆಲವೇ ದಿನಗಳಲ್ಲಿ ಅಳಿಸುತ್ತದೆ. ಆ ಗುಣವನ್ನೇ ಬಳಸಿಕೊಳ್ಳಿ: ಅರಿಶಿನದ ಬಟ್ಟೆಯ ಮೇಲೆ ಜರೀಗಿಡದ ಎಲೆಯಿಟ್ಟು ಗಾಜು ಮುಚ್ಚಿ ಬಿಸಿಲಿಗಿಟ್ಟರೆ, ಸುತ್ತಲೂ ಬಿಳಚಿ ಎಲೆಯಡಿ ಹಳದಿ ಉಳಿಯುತ್ತದೆ. ಚಿತ್ರ ಮೂಡಿದ ಮೇಲೆ ಕತ್ತಲಲ್ಲೇ ಇಡಬೇಕು.

ಪ್ರ: ನಮ್ಮಲ್ಲಿ ಅಡಿಕೆ ಬೇಯಿಸಿದ ಒಗರು ನೀರು, ಅಂದರೆ ಚೊಗರು, ಸಾಕಷ್ಟು ಉಳಿಯುತ್ತದೆ. ಕಲಾಕೃತಿಯ ಬಟ್ಟೆಗೆ ಬಳಸಬಹುದೇ? ಬೇರೆ ಬೇರೆ ಛಾಯೆ ಬರುತ್ತದೆಯೇ? (ತೀರ್ಥಹಳ್ಳಿ)

ಉ: ಧಾರಾಳವಾಗಿ. ಹೆಗ್ಗೋಡಿನ ಬಳಿ ಭೀಮನಕೋಣೆಯ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಗಳಿಗೆ ಚೊಗರಿನ ಬಣ್ಣ ಹಾಕುತ್ತಾರೆ. ಚೊಗರೇ ಟ್ಯಾನಿನ್ ಆದ್ದರಿಂದ ಅಳಲೆಕಾಯಿಯ ಹಂತ ಬೇಕಿಲ್ಲ. ಮೇಲೆ ಹೇಳಿದಂತೆ ಸೋಡಾದಲ್ಲಿ ಕುದಿಸಿ ಶುದ್ಧ ಮಾಡಿದ ಬಟ್ಟೆ ಇದ್ದರೆ ಸಾಕು.

ಗಟ್ಟಿ ಚೊಗರನ್ನು ಹಾಗೇ ಬಳಸಿದರೆ ಬಟ್ಟೆ ಅಂಟಂಟಾಗಿ ಮಡಿಕೆ ಬಿದ್ದಲ್ಲಿ ಕಲೆ ಕೂರುತ್ತದೆ. ಐದು ಪಾಲು ಬಿಸಿನೀರಿಗೆ ಒಂದು ಪಾಲು ಚೊಗರು ಬೆರೆಸಿ, ಸೋಸಿ, ಅಲ್ಲಿಂದ ಶುರುಮಾಡಿ. ಪ್ರತಿ ಸಲ ಕುದಿಸಿದ ಚೊಗರಿನ ಸತ್ವ ಬೇರೆ, ಹಾಗಾಗಿ ಮೊದಲು ಚಿಂದಿಯೊಂದನ್ನು ಅದ್ದಿ ನೋಡಿ. ಅರ್ಧ ಗಂಟೆ ಬಿಸಿಯಲ್ಲಿಟ್ಟು, ಹಿಂಡಿ, ಬಿಸಿಲಿಗೆ ಹರವಿ. ಮತ್ತೆ ಅದ್ದಿ, ಮತ್ತೆ ಒಣಗಿಸಿ. ಗಾಳಿ ಬಿಸಿಲು ತಾಗಿದಷ್ಟೂ ಕಂದು ಆಳವಾಗುತ್ತದೆ. ಒಂದೇ ಸಲ ಗಟ್ಟಿ ನೀರಿನಲ್ಲಿ ಅದ್ದುವುದಕ್ಕಿಂತ ತೆಳು ನೀರಿನಲ್ಲಿ ನಾಲ್ಕು ಸಲ ಅದ್ದಿದ ಬಣ್ಣ ಸಮವಾಗಿಯೂ ಗಟ್ಟಿಯಾಗಿಯೂ ಇರುತ್ತದೆ.

ಛಾಯೆಗಳ ವಿಷಯ. ಸುಣ್ಣದ ತಿಳಿನೀರಿನಲ್ಲಿ ಐದು ನಿಮಿಷ ಅದ್ದಿದರೆ ಬಣ್ಣ ಕೆಂಪಿನ ಕಡೆ ವಾಲುತ್ತದೆ, ತಾಂಬೂಲದಲ್ಲಿ ಆಗುವುದೇ ಇಲ್ಲಿಯೂ ಆಗುತ್ತದೆ. ಲೀಟರ್ ನೀರಿಗೆ ಒಂದು ಟೀ ಚಮಚ ಸುಣ್ಣ ಕದಡಿ, ಕೆಳಗೆ ಕೂತ ಮೇಲೆ ತಿಳಿಯನ್ನಷ್ಟೇ ತೆಗೆದುಕೊಳ್ಳಿ. ಇದು ಹತ್ತಿಗೆ ಮಾತ್ರ. ಅನ್ನಭೇದಿ (ಕಬ್ಬಿಣದ ಸಲ್ಫೇಟ್) 2 ಗ್ರಾಂ ಕರಗಿಸಿದ ನೀರಿನಲ್ಲಿ ಹತ್ತು ನಿಮಿಷ ಅದ್ದಿದರೆ ಗಾಢ ಕಾಫಿ–ಬೂದು ಬರುತ್ತದೆ. ಹೆಚ್ಚು ಕಪ್ಪಾಗಲೆಂದು 5 ಗ್ರಾಂ ಹಾಕಬೇಡಿ, ಧಾರವಾಡದ ಪಂಚೆಗೆ ಆದದ್ದೇ ಈ ಬಟ್ಟೆಗೂ ಆಗುತ್ತದೆ. ಸುಣ್ಣದ ತಿಳಿಯನ್ನು ಕುಂಚದಲ್ಲಿ ಒಂದು ಕಡೆ, ಅನ್ನಭೇದಿ ನೀರನ್ನು ಇನ್ನೊಂದು ಕಡೆ ಬಳಿದರೆ ಒಂದೇ ಬಟ್ಟೆಯಲ್ಲಿ ಮೂರು ಬಣ್ಣ ಸಿಗುತ್ತವೆ. ನಡುವೆ ಎರಡು ಬೆರಳು ಅಂತರ ಬಿಡಿ, ಒದ್ದೆ ಬಟ್ಟೆಯಲ್ಲಿ ಅವು ಹರಿದು ಬೆರೆಯುತ್ತವೆ. ಕೊನೆಗೆ ನೀರು ತಿಳಿಯಾಗುವವರೆಗೆ ಜಾಲಿಸಿ. ಉಳಿದ ಚೊಗರನ್ನು ಗಟ್ಟಿಯಾಗಿಯೇ ಬಾಯಿ ಮುಚ್ಚಿಡಿ. ತೆಳು ಮಾಡಿದ್ದು ಒಂದೆರಡು ದಿನಕ್ಕೇ ಬೂಷ್ಟು ಹಿಡಿಯುತ್ತದೆ.