ನಿಮ್ಮ ಕಥೆಯಲ್ಲಿ 'ಶಾಂತಿ' 31 ಸಲ ಬಂದಿದೆ

ಪ್ರಿಯರೇ,

'ಬೈಲುಕುಪ್ಪೆಯ ಸಂಜೆ' ಓದಿದೆ. ಎರಡನೆಯ ಸಲ ಓದಿದ್ದು ಸಿಟ್ಟಿನಲ್ಲಿ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮಾಡುವ ಕ್ಯಾಥೊಲಿಕ್ ಹುಡುಗ ಸ್ಟೀವನ್, ಮನಸ್ಸಿಗೆ ನೆಮ್ಮದಿ ಸಿಗದೆ ಬೌದ್ಧನಾಗುವ ಕಥೆ. ಭಾಷೆ ಸಲೀಸು. ಅಜ್ಜ ಚೌರಪ್ಪ, ಅಪ್ಪ ಇನ್ನಾಸಪ್ಪ, ಮಗ ಸ್ಟೀವನ್ ಅಂತ ಹೆಸರಲ್ಲೇ ಮೂರು ತಲೆಮಾರು ದಾಟಿಸಿದ್ದೀರಿ, ಚೆನ್ನಾಗಿದೆ. ಗಂಜಾಂ ಕಡೆಯ ತಾಯಿ ಆರೋಗ್ಯಮ್ಮನ ಮಾತೂ ಕಿವಿಗೆ ಸರಿಯಾಗಿ ಬೀಳುತ್ತದೆ. ಹೊಗಳಿಕೆ ಇಷ್ಟೇ, ಬೇಜಾರು ಮಾಡಿಕೊಳ್ಳಬೇಡಿ.

ಆರನೆಯ ಪುಟಕ್ಕೆ ಬನ್ನಿ. ನೀವು ಬರೆದಿರುವುದು: "ಫಾದರ್ ದಪ್ಪ ರಿಜಿಸ್ಟರ್ ತೆಗೆದು ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಸ್ಟೀವನ್ ಇನ್ನು ಕ್ರೈಸ್ತನಲ್ಲ."

ಹಾಗೆ ಯಾವ ಗುರುಗಳೂ ಗೆರೆ ಎಳೆಯುವುದಿಲ್ಲ. ಜ್ಞಾನಸ್ನಾನದ, ಅಂದರೆ ಬ್ಯಾಪ್ಟಿಸಂನ, ದಾಖಲೆಯೆಂದರೆ ಪಡಿತರ ಚೀಟಿಯಲ್ಲ, ಹೆಸರು ತೆಗೆಸುವುದಕ್ಕೆ. ಅದರ ಅಂಚಿನಲ್ಲಿ ಮುಂದೆ ದೃಢೀಕರಣ ಸಂಸ್ಕಾರ, ಮದುವೆ ಇವನ್ನೆಲ್ಲ ಸೇರಿಸುತ್ತಾ ಹೋಗುತ್ತಾರೆಯೇ ಹೊರತು ಮೂಲ ನಮೂದನ್ನು ಹೊಡೆದುಹಾಕುವುದಿಲ್ಲ. ಜ್ಞಾನಸ್ನಾನ ಆತ್ಮದ ಮೇಲೆ ಅಳಿಸಲಾಗದ ಮುದ್ರೆ ಒತ್ತುತ್ತದೆ ಅನ್ನುವುದು ಕ್ಯಾಥೊಲಿಕ್ ಬೋಧನೆ. ವಿಧಿವತ್ತಾಗಿ ಕ್ಯಾಥೊಲಿಕ್ ಧರ್ಮಸಭೆ ಬಿಡುವ ಕ್ರಮವೊಂದರ ಉಲ್ಲೇಖ ಅವರ ಧರ್ಮಸಂಹಿತೆಯಲ್ಲಿ ಮೊದಲು ಇತ್ತು, ಮದುವೆಯ ನಿಯಮಗಳಲ್ಲಿ. 2009ರಲ್ಲಿ ಅದನ್ನೂ ತೆಗೆದುಹಾಕಿದರು. ಅಂದರೆ ಸ್ಟೀವನ್ ಎಲ್ಲಿಗೆ ಹೋದರೂ ಆ ಪುಸ್ತಕದಲ್ಲಿ ಅವನು ಇದ್ದೇ ಇರುತ್ತಾನೆ. ಎಂಥ ವಸ್ತು ನಿಮ್ಮ ಕೈಗೆ ಸಿಕ್ಕಿತ್ತು! ಬಿಡಲು ಹೋದವನಿಗೆ ಬಿಡುಗಡೆಯ ಚೀಟಿ ಕೊಡುವವರೇ ಇಲ್ಲ. ನೀವು ಅದಕ್ಕೆ ಕೆಂಪು ಇಂಕು ಸುರಿದಿದ್ದೀರಿ.

ಗೆರೆಯೇ ಬೇಕಿದ್ದರೆ ಸರ್ಕಾರಿ ಕಚೇರಿಗೆ ಹೋಗಿ. ಕಥೆ ನಡೆಯುವುದು 2022ರ ಡಿಸೆಂಬರ್ ಅಂತ ನೀವೇ ಹೇಳಿದ್ದೀರಿ. ಆ ವರ್ಷ ಜಾರಿಯಾದ ಮತಾಂತರ ಕಾಯ್ದೆಯ ಪ್ರಕಾರ ಮತ ಬದಲಿಸುವವನು 30 ದಿನ ಮೊದಲೇ ಜಿಲ್ಲಾಧಿಕಾರಿಗಳಿಗೆ ಘೋಷಣೆ ಕೊಡಬೇಕಿತ್ತು. ಅದನ್ನು ಜಿಲ್ಲಾಧಿಕಾರಿ ಕಚೇರಿಯಲ್ಲೂ ತಾಲ್ಲೂಕು ಕಚೇರಿಯಲ್ಲೂ ಸೂಚನಾ ಫಲಕಕ್ಕೆ ಅಂಟಿಸಿ ಆಕ್ಷೇಪಣೆ ಕರೆಯಬೇಕಿತ್ತು. (ಕಾಯ್ದೆ ರದ್ದು ಮಾಡಲು ಸಂಪುಟ ತೀರ್ಮಾನಿಸಿದ್ದು 2023ರ ಜೂನ್‌ನಲ್ಲಿ.) ಪಹಣಿಗೆಂದು ಬಂದ ನೆಂಟರೊಬ್ಬರು ಆ ಫಲಕದ ಮುಂದೆ ನಿಂತರೆ ಸಾಕಲ್ಲ? ಕಾನೂನು ಲೆಕ್ಕಿಸದೆ ಹೋದನೆಂದಾದರೆ ಅದನ್ನಾದರೂ ಬರೆಯಿರಿ.

ಏಳನೆಯ ಪುಟ: "ಲಾಮಾ ಅವನ ತಲೆಯ ಮೇಲೆ ಪವಿತ್ರ ಜಲ ಸುರಿದು, ಬುದ್ಧ ದೇವರು ನಿನ್ನ ಪಾಪಗಳನ್ನು ಕ್ಷಮಿಸಿದ್ದಾನೆ ಎಂದರು. ಸ್ಟೀವನ್ 'ಬುದ್ಧಂ ಸರಣಂ ಗಚ್ಛಾಮಿ' ಎಂದ."

ಇದು ಕೆಂಗಂದು ಬಟ್ಟೆ ಉಟ್ಟ ಜ್ಞಾನಸ್ನಾನ. ಕ್ಷಮಿಸುವ ದೇವರ ಜಾಗದಲ್ಲಿ ಬುದ್ಧನನ್ನು ಕೂರಿಸಿದಿರಿ, ಅಷ್ಟೆ. ಬೌದ್ಧರಲ್ಲಿ ಮಾಡಿದ ಕರ್ಮವನ್ನು ಮನ್ನಾ ಮಾಡುವವರು ಯಾರೂ ಇಲ್ಲ. ಅಭಿಷೇಕದಂಥ ವಿಧಿಗಳಲ್ಲಿ ನೀರು ಬಳಸುತ್ತಾರೆ ನಿಜ, ಆದರೆ ಶರಣು ಹೋಗುವ ವಿಧಿಯ ಜೀವ ನೀರಿನಲ್ಲಿಲ್ಲ. ನಿಮ್ಮ ಕಥೆ ನಡೆಯುವ ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ 1963ರಲ್ಲಿ ಪೆನೋರ್ ರಿಂಪೋಚೆ ಕಟ್ಟಿದ, ಟಿಬೆಟನ್ ಬೌದ್ಧರ ಞಿಂಗ್ಮಾ ಪಂಥದ ಮಠ. ಅಲ್ಲಿ ಶರಣು ಹೇಳುವುದು ಪಾಲಿಯಲ್ಲಲ್ಲ, ಟಿಬೆಟನ್ನಿನಲ್ಲಿ. ಬುದ್ಧ, ಧರ್ಮ, ಸಂಘಕ್ಕೂ ಮೊದಲು ಗುರುವಿಗೆ ಶರಣು: "ಲಾಮಾ ಲಾ ಕ್ಯಾಪ್ ಸು ಚಿಓ." ಗುರು ಹೇಳಿಕೊಟ್ಟದ್ದನ್ನು ಮೂರು ಸಲ ಹೇಳುತ್ತಾರೆ. ಮೂರನೆಯ ಸಲ ಗುರು ಚಿಟಿಕೆ ಹೊಡೆಯುತ್ತಾರೆ, ಶರಣು ಕೂಡಿಬಂದದ್ದು ಆ ಕ್ಷಣಕ್ಕೆ. ಆಮೇಲೆ ತಲೆಯಿಂದ ಒಂದೆರಡು ಕೂದಲು ಕತ್ತರಿಸಿ ಹೊಸ ಹೆಸರು ಕೊಡುತ್ತಾರೆ. ಎರಡು ಪುಟ ಗಂಟೆ, ಧೂಪ, ಅರವತ್ತು ಅಡಿ ಬುದ್ಧನ ಚಿನ್ನದ ಹೊಳಪು ಅಂತ ತುಂಬಿದ್ದೀರಲ್ಲ, ಅದರ ಬದಲು ಆ ಒಂದು ಚಿಟಿಕೆ ಕೇಳಿಸಿ.

ಶರಣಿನ ಜೊತೆ ಶೀಲವೂ, ಅಂದರೆ ಪಾಲಿಸಬೇಕಾದ ಐದು ವ್ರತವೂ ಬರುತ್ತದೆ. ಐದನ್ನೂ ಒಟ್ಟಿಗೆ ಹೊರಬೇಕೆಂದಿಲ್ಲ, ಗೃಹಸ್ಥ ತನ್ನ ಕೈಲಾದಷ್ಟು ತೆಗೆದುಕೊಳ್ಳಬಹುದು. ಐದನೆಯದು ಮದ್ಯ ಬಿಡುವುದು. ಕ್ರಿಸ್‌ಮಸ್‌ಗೆ ಹತ್ತು ದಿನ ಇದೆ, ಆರೋಗ್ಯಮ್ಮ ದ್ರಾಕ್ಷಿ ವೈನಿನ ಭರಣಿಗೆ ಬಟ್ಟೆ ಕಟ್ಟಿ ಅಟ್ಟದ ಕೆಳಗಿಟ್ಟಿದ್ದಾರೆ ಅಂತ ಎರಡನೆಯ ಪುಟದಲ್ಲಿ ಬರೆದವರು ನೀವೇ. ಆಮೇಲೆ ಆ ಭರಣಿ ಎಲ್ಲಿ ಹೋಯಿತು? ಮತಾಂತರದ ಕಷ್ಟ ಪೂರ್ತಿ ಆ ಭರಣಿಯಲ್ಲಿ ಕೂತಿತ್ತು.

ಇನ್ನು 'ಶಾಂತಿ'. ಎಣಿಸಿದೆ, 31. ನಾನು ಕೆಲಸ ಕಲಿತ ವಾರಪತ್ರಿಕೆಯಲ್ಲಿ ಆಗಿನ್ನೂ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಒಂದೇ ಪದ ಮೇಲಿಂದ ಮೇಲೆ ಬಂದರೆ ಆ ಅಕ್ಷರದ ಖಾನೆ ಬರಿದಾಗುತ್ತಿತ್ತು. ಜೋಡಿಸುವವರು ಕೆಳಗಿನಿಂದ ಕೂಗುತ್ತಿದ್ದರು: "ಸಾರ್, 'ಶಾ' ಮುಗೀತು, ಬೇರೆ ಏನಾದ್ರೂ ಬರ್ಕೊಡಿ!" ಅದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಆಮೇಲೆ ಕೇಳಿಲ್ಲ. ಈಗ ಖಾನೆಯೂ ಇಲ್ಲ, ಕೂಗುವವರೂ ಇಲ್ಲ.

ಒಂಬತ್ತನೆಯ ಪುಟ: "ಕಣ್ಣು ಮುಚ್ಚಿದ ಮೂರೇ ನಿಮಿಷದಲ್ಲಿ ಅವನು ಶಾಂತಿಯ ಸಾಗರದಲ್ಲಿ ಮುಳುಗಿದ."

ಟಿಬೆಟನ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಕಣ್ಣು ಪೂರ್ತಿ ಮುಚ್ಚಿಸುವುದಿಲ್ಲ, ದೃಷ್ಟಿಯನ್ನು ಕೆಳಗಿಳಿಸಿ ಅರೆ ತೆರೆದಿರುತ್ತಾರೆ. ಅದು ಸಣ್ಣದು. ಸಾಗರದ ಮಾತು ದೊಡ್ಡದು. ಮನಸ್ಸು ನೆಲೆಗೊಳ್ಳುವ ಹಂತಗಳಿಗೆ ಅವರಲ್ಲೇ ಹಳೆಯ ಹೋಲಿಕೆಗಳಿವೆ: ಮೊದಲು ಜಲಪಾತ, ಆಮೇಲೆ ಕಣಿವೆಯಲ್ಲಿ ನುಗ್ಗುವ ಹೊಳೆ, ಆಮೇಲೆ ಅಗಲವಾಗಿ ಹರಿಯುವ ನದಿ, ಅದಾದ ಮೇಲೆ ಅಲೆಯಿಲ್ಲದ ಸಮುದ್ರ. ಹೊಸದಾಗಿ ಕೂತವನಿಗೆ ಕಾಣುವುದು ಆಷಾಢದ ಗಗನಚುಕ್ಕಿ. ಯೋಚನೆ ಹೆಚ್ಚಾಯಿತು ಅನ್ನಿಸುತ್ತದೆ. ಹೆಚ್ಚಾಗಿರುವುದಿಲ್ಲ, ಮೊದಲ ಬಾರಿಗೆ ಕಣ್ಣಿಗೆ ಬಿದ್ದಿರುತ್ತದೆ. ಬಹಳ ಜನ ಇಲ್ಲೇ 'ನನಗೆ ಇದು ಆಗಿಬರೋಲ್ಲ' ಅಂತ ಎದ್ದುಹೋಗುತ್ತಾರೆ.

ಅಡ್ಡಿಗಳಿಗೂ ಹೆಸರಿದೆ. ಬೌದ್ಧರು ಹೇಳುವ ಐದು ನೀವರಣಗಳಲ್ಲಿ ಸ್ಟೀವನ್‌ಗೆ ಹೇಳಿ ಮಾಡಿಸಿದಂಥವು ಎರಡು. ಒಂದು ಥೀನಮಿದ್ಧ, ಅಂದರೆ ಜಡತೆ, ತೂಕಡಿಕೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಧ್ಯಾನಕ್ಕೆ ಕೂತವನು ಸಾಗರದಲ್ಲಿ ಮುಳುಗುವುದಿಲ್ಲ, ಗೊರಕೆ ಹೊಡೆಯುತ್ತಾನೆ. ಇನ್ನೊಂದು ಉದ್ಧಚ್ಚ-ಕುಕ್ಕುಚ್ಚ. ಉದ್ಧಚ್ಚ ಚಡಪಡಿಕೆ, ಕುಕ್ಕುಚ್ಚ ಮಾಡಿದ್ದಕ್ಕೂ ಮಾಡದೆ ಬಿಟ್ಟಿದ್ದಕ್ಕೂ ಒಳಗೊಳಗೆ ಕೊರೆಯುವ ಪರಿತಾಪ. ತಾಯಿಗೆ ಹೇಳದೆ ಬಸ್ಸು ಹತ್ತಿದವನಿಗೆ ಮೊದಲು ಬರುವುದು ಇದೇ ತಾನೆ?

ಬೆರಳುಗಳನ್ನೂ ಮರೆತಿದ್ದೀರಿ. ಕ್ಯಾಥೊಲಿಕರ ಜಪಮಾಲೆಯಲ್ಲಿ ಹತ್ತು ನಮೋ ಮರಿಯಾ ಆದ ಮೇಲೆ ಒಂದು ಬಿಡಿ ಮಣಿ ಬರುತ್ತದೆ, ಅಲ್ಲಿ ಪ್ರಾರ್ಥನೆ ಬದಲಾಗುತ್ತದೆ. ಚಿಕ್ಕಂದಿನಿಂದ ಅದನ್ನು ಎಣಿಸಿದವನ ಕೈಗೆ 108 ಮಣಿಯ ಮಾಲೆ ಕೊಟ್ಟಿದ್ದೀರಿ. ಹತ್ತಾದ ಕೂಡಲೇ ಹೆಬ್ಬೆರಳು ಆ ಬಿಡಿ ಜಾಗಕ್ಕೆ ತಡಕಾಡುತ್ತದೆ. 'ಅವನೊಳಗೆ ದ್ವಂದ್ವವಿತ್ತು' ಎಂಬ ನಿಮ್ಮ ಸಾಲು ಆಗ ಬೇಕಾಗುವುದಿಲ್ಲ.

ನನಗೆ ಅತಿ ಹೆಚ್ಚು ಬೇಸರವಾದ ವಿಷಯ ಇನ್ನೊಂದಿದೆ. ಚರ್ಚಿನಲ್ಲಿ ಶಾಂತಿ ಸಿಗಲಿಲ್ಲ ಅಂತ ಮೂರನೆಯ ಪುಟದಲ್ಲಿ ನಾಲ್ಕು ಸಲ ಬರೆದಿದ್ದೀರಿ. ಚರ್ಚಿನ ಬಲಿಪೂಜೆ, ಅಂದರೆ ಮಾಸ್, ನೋಡಿದ್ದೀರಾ? ಪರಲೋಕ ಮಂತ್ರವೆಂಬ ಪ್ರಾರ್ಥನೆ ಆದ ಮೇಲೆ, ಪರಮಪ್ರಸಾದ ಹಂಚುವುದಕ್ಕೆ ಮುಂಚೆ, ಗುರುಗಳು ಪ್ರಭುವಿನ ಶಾಂತಿ ನಿಮ್ಮೊಂದಿಗಿರಲಿ ಅನ್ನುತ್ತಾರೆ. ಜನ ಅಕ್ಕಪಕ್ಕ ತಿರುಗಿ ಒಬ್ಬರಿಗೊಬ್ಬರು ಕೈ ಮುಗಿದು ಆ ಶಾಂತಿ ಹಂಚಿಕೊಳ್ಳುತ್ತಾರೆ. ಅಂದರೆ ವಾರವಾರವೂ ಆರೋಗ್ಯಮ್ಮ ಮಗನ ಕಡೆ ತಿರುಗಿ ಕೈ ಮುಗಿದಿದ್ದಾರೆ. ಅಲ್ಲಿ ಶಾಂತಿ ಇನ್ನೊಬ್ಬರ ಕೈಯಿಂದ ಬರುವಂಥದ್ದು. ಬೈಲುಕುಪ್ಪೆಯಲ್ಲಿ ಅವನು ಒಬ್ಬನೇ ಗೋಡೆಯ ಪಕ್ಕ ಕೂತು ಉಸಿರು ಎಣಿಸಬೇಕು, ತಿರುಗಿ ನೋಡಿ ಕೈ ಮುಗಿಯುವವರಿಲ್ಲ. ಒಂದೇ ಪದವನ್ನು ಎರಡು ಕಡೆಗೂ ಹಚ್ಚಿದ್ದರಿಂದ ಈ ವ್ಯತ್ಯಾಸವೇ ಕಾಣದಂತಾಗಿದೆ.

ಆರು, ಏಳು, ಒಂಬತ್ತನೆಯ ಪುಟ ಹೊಸದಾಗಿ ಬರೆಯಿರಿ. ಮೂರನೆಯ ಪುಟಕ್ಕೆ ಒಂದು ಭಾನುವಾರದ ಪೂಜೆ ಸೇರಿಸಿ. 'ಶಾಂತಿ' ಎರಡು ಸಲ ಬರಲಿ: ಒಂದು ಗುರುಗಳ ಬಾಯಲ್ಲಿ, ಇನ್ನೊಂದು ಆರೋಗ್ಯಮ್ಮನ ಬಾಯಲ್ಲಿ. ಉಳಿದ 29 ನನ್ನ ಮೇಜಿನ ಮೇಲಿವೆ, ವಾಪಸು ಕಳಿಸುವುದಿಲ್ಲ.

ಇಂತಿ,
ಸಂಪಾದಕ