ಹೈಟಿಯ ಅಕ್ಕಿಗೆ ಏನಾಯಿತು?

ಪ್ರಶ್ನೆ: ಹೈಟಿ ಒಂದು ಕಾಲಕ್ಕೆ ತನಗೆ ಬೇಕಾದ ಅಕ್ಕಿಯನ್ನು ಬಹುಪಾಲು ತಾನೇ ಬೆಳೆಯುತ್ತಿತ್ತು, ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) ಅದನ್ನು ಕೆಡಿಸಿತು ಎನ್ನುತ್ತಾರೆ. ನಿಜವೇ? ಸುಂಕ ಮತ್ತೆ ಏರಿಸಿದರೆ ಆಯಿತಲ್ಲ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಮೊದಲ ಮಾತು ನಿಜ, ಎರಡನೆಯದು ಅಲ್ಲ. ಡಬ್ಲ್ಯುಟಿಒದಲ್ಲಿ ಹೈಟಿ ಅಕ್ಕಿಗೆ ಒಪ್ಪಿಕೊಂಡ ಗರಿಷ್ಠ ಸುಂಕ ಶೇ 50. ಅಷ್ಟರವರೆಗೆ ಏರಿಸಲು ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೂ 1995ರಲ್ಲಿ ಬಂದರಿನಲ್ಲಿ ವಸೂಲು ಮಾಡುವ ಸುಂಕ ಶೇ 3ಕ್ಕೆ ಇಳಿಯಿತು. ಒತ್ತಡ ಬಂದದ್ದು ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಮತ್ತು ಅಮೆರಿಕದಿಂದ.

ಬಂದರಿಗೆ ಬಂದ ಅಕ್ಕಿಗೆ ಟನ್ನಿಗೆ 400 ಡಾಲರ್ ಎಂದುಕೊಳ್ಳಿ. ಶೇ 50 ಸುಂಕವಿದ್ದರೆ 600 ಆಗುತ್ತದೆ, ಶೇ 3 ಆದರೆ ಬರೀ 412. ಹೈಟಿಯಲ್ಲಿ ಭತ್ತ ಬೆಳೆಯುವ ಆರ್ಟಿಬೊನಿಟ್ ಕಣಿವೆಯ ಸಣ್ಣ ರೈತ ಪೈಪೋಟಿಗಿಳಿಯಬೇಕಾದ್ದು ಈ 412ರ ಜೊತೆ, ಅದೂ ಅಮೆರಿಕದ ಸರ್ಕಾರ ಸಬ್ಸಿಡಿ ಕೊಟ್ಟು ಬೆಳೆಸಿದ ಅಕ್ಕಿಯ ಜೊತೆ. ಅಲ್ಲಿನವರು ಅದಕ್ಕಿಟ್ಟ ಹೆಸರು 'ಮಯಾಮಿ ಅಕ್ಕಿ'. ಈ ನೀತಿಯಿಂದ ತನ್ನ ರಾಜ್ಯ ಅರ್ಕನ್ಸಾದ ಕೆಲವು ರೈತರಿಗೆ ಲಾಭವಾಗಿರಬಹುದು, ಆದರೆ ಅದು ತಪ್ಪು ಎಂದು, 1995ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 2010ರ ಮಾರ್ಚ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಒಪ್ಪಿಕೊಂಡರು. ಹದಿನೈದು ವರ್ಷ ತಡವಾಗಿ!

ಇನ್ನು ಸುಂಕ ಏರಿಸುವ ವಿಚಾರ. ಈಗ ಅಲ್ಲಿ ತಿನ್ನುವ ಅಕ್ಕಿಯಲ್ಲಿ ಸುಮಾರು ಶೇ 80 ಆಮದು. ಸುಂಕ ಏರಿದ ವಾರದಲ್ಲೇ ಪೇಟೆಯ ಬಡವರ ಅಕ್ಕಿ ತುಟ್ಟಿ, ಆದರೆ ಹೊಸ ಭತ್ತ ಕೈಗೆ ಬರಲು ನಾಲ್ಕು ತಿಂಗಳಾದರೂ ಬೇಕು. 2008ರ ಏಪ್ರಿಲ್‌ನಲ್ಲಿ ಜಾಗತಿಕ ಬೆಲೆ ಏರಿದಾಗ ದಂಗೆಯೆದ್ದು, ಪ್ರಧಾನಿ ಜಾಕ್ ಎಡ್ವರ್ ಅಲೆಕ್ಸಿ ಕುರ್ಚಿ ಕಳೆದುಕೊಂಡರು. ಜೊತೆಗೆ ಕಾಲುವೆಗಳಲ್ಲಿ ಹೂಳು, ಪೆಲಿಗ್ರ್ ಜಲಾಶಯದಲ್ಲೂ ಹೂಳು. ನೀರೇ ಬಾರದ ಗದ್ದೆಗೆ ಸುಂಕ ಏನು ಮಾಡೀತು? ನಮ್ಮ ಅಭಿಪ್ರಾಯದಲ್ಲಿ ಮೊದಲು ಹೂಳೆತ್ತಬೇಕು, ಗೊಬ್ಬರಕ್ಕೆ ಸಾಲ ಸಿಗಬೇಕು, ಕಲ್ಲು, ನುಚ್ಚು ಬೇರ್ಪಡಿಸುವ ಮಿಲ್ಲು ಬೇಕು. ಆಮೇಲೆ ವರ್ಷಕ್ಕೆ ಐದಾರು ಶೇಕಡಾ ಅಂಶದಂತೆ, ಅದೂ ಕೊಯ್ಲಿನ ಹೊತ್ತಿಗೆ, ಸುಂಕ ಏರಿಸುತ್ತ ಹೋಗಬಹುದು. ಒಮ್ಮೆಲೇ ಏರಿಸಿದರೆ ನೆರೆಯ ಡೊಮಿನಿಕನ್ ಗಣರಾಜ್ಯದ ಗಡಿಯಿಂದ ಕಳ್ಳಸಾಗಣೆ ಹೆಚ್ಚುವ ಅಪಾಯ ಬೇರೆ.

ಪ್ರಶ್ನೆ: ಭಾರತಕ್ಕೆ ಈ ಗತಿ ಯಾಕೆ ಬರಲಿಲ್ಲ?
– ಓದುಗರೊಬ್ಬರು, ವಿಜಯಪುರ

ಉತ್ತರ: ಬರಬಹುದಿತ್ತು. ಅಕ್ಕಿ, ಜೋಳಕ್ಕೆಲ್ಲ ನಾವು ಹಿಂದೆ ಒಪ್ಪಿಕೊಂಡಿದ್ದ ಗರಿಷ್ಠ ಸುಂಕ ಸೊನ್ನೆ! ಆಮದಿನ ಪ್ರಮಾಣಕ್ಕೇ ಮಿತಿ ಇದ್ದುದರಿಂದ ಅದರ ಬಿಸಿ ತಟ್ಟಿರಲಿಲ್ಲ. ಆ ಮಿತಿ ತೆಗೆಯುವ ಕಾಲ ಬಂದಾಗ, 1999ರ ಹೊತ್ತಿಗೆ, ಭಾರತ ಮರುಸಂಧಾನ ನಡೆಸಿ ಆ ಸೊನ್ನೆಯನ್ನು ಶೇ 70–80ಕ್ಕೆ ಏರಿಸಿಕೊಂಡಿತು. ಬಿಟ್ಟಿಯಾಗಿ ಅಲ್ಲ, ಬೇರೆ ಸರಕುಗಳಲ್ಲಿ ರಿಯಾಯಿತಿ ಕೊಟ್ಟು.